ಸ್ಲೇಟಿನ ಮೇಲೆ ನಡೆವ ಚುಕ್ಕಿ

ಉತ್ತರೆ ಮಳೆ

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ರಸ್ತೆ ಬಿಟ್ಟು ಕೆಳಕ್ಕಿಳಿದರೆ ನಮ್ಮ ಜಾಗ. ಮೇಲೆ ಮೂರೆಕರೆ ಅರೇಬಿಕಾ, ಹಳ್ಳದ ಪಕ್ಕ ಒಂದಿಷ್ಟು ರೋಬಸ್ಟಾ, ಅದರಾಚೆ ಏಳೆಂಟು ವರ್ಷದಿಂದ ನಾಟಿ ಕಾಣದ ಗದ್ದೆ. ಆಳು ಸಿಗುವುದಿಲ್ಲ, ಸಿಕ್ಕಿದರೂ ಆನೆ ಬಿಡುವುದಿಲ್ಲ ಎಂದು ಕೈಬಿಟ್ಟ ಗದ್ದೆ. ಕೈಬಿಟ್ಟ ಗದ್ದೆ ಸುಮ್ಮನೆ ಕೂರುವುದಿಲ್ಲ. ಮೊದಲ ವರ್ಷ ಹುಲ್ಲು ಬಂತು, ಆಮೇಲೆ ಕಮ್ಯುನಿಸ್ಟ್ ಗಿಡ, ಬದುವಿನ ಮೇಲೆ ಲಂಟಾನ, ಈಗ ಒಳಗೆ ಯಾರೂ ಕಾಲಿಡದ ಒಂದು ಕತ್ತಲೆ. ಅದರಲ್ಲಿ ಒಂದು ಜೋಡಿ ಕೆಂಬೂತ ಸಂಸಾರ ಹೂಡಿದೆ. ಹರಟೆಮಲ್ಲಗಳ ಗುಂಪು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಅಂಚಿನಲ್ಲಿ ತರಗೆಲೆ ಕೆದಕುತ್ತ, ಜಗಳಾಡುತ್ತ ಹೋಗುತ್ತದೆ.

ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ನಿವೃತ್ತಿಯ ಮೇಲೆ ನೋಟುಪುಸ್ತಕ ಹಿಡಿದು ಇದೇ ಅಂಚಿನಲ್ಲಿ ಓಡಾಡುತ್ತೇನೆ. ಒಳಗಿನ ಕಾಡಿಗಿಂತ, ಶುದ್ಧ ತೋಟಕ್ಕಿಂತ ಅಂಚಿನಲ್ಲೇ ಬರೆದುಕೊಳ್ಳುವುದು ಹೆಚ್ಚು ಸಿಗುತ್ತದೆ.

ಸೆಪ್ಟೆಂಬರ್ ನಡುವಿಗೆ ಜಡಿಮಳೆ ಬಿಟ್ಟು ಬಿಟ್ಟು ಬರತೊಡಗಿದಾಗ ಇಂಬಳಗಳ ಆರ್ಭಟ ಇಳಿಯುತ್ತದೆ. ಇಂಬಳ ಪ್ರಾಮಾಣಿಕ ಜೀವಿ. ಕಚ್ಚುವಾಗ ತಿಳಿಯದಿದ್ದರೂ ಕುಡಿದು ಉದುರಿದ ಮೇಲೆ ಕಾಲ್ಚೀಲವನ್ನೆಲ್ಲ ಕೆಂಪು ಮಾಡಿ, ಬಂದಿದ್ದೆ ಎಂದು ಹೇಳಿ ಹೋಗುತ್ತದೆ. ಉಣುಗು ಹಾಗಲ್ಲ, ಎರಡು ದಿನ ಕಚ್ಚಿಕೊಂಡೇ ಇದ್ದು, ಕೆರೆತದಲ್ಲಿ ತನ್ನ ವಿಳಾಸ ತಿಳಿಸುತ್ತದೆ. ಮಂಗನ ಕಾಯಿಲೆಯ ಹೆದರಿಕೆಯಿಂದ ಈಗ ಮಲೆನಾಡಿನ ಮಕ್ಕಳಿಗೂ ಉಣುಗಿನ ಪರಿಚಯವಿದೆ. ಮೂರನೆಯದೊಂದು ಇದೆ. ಅದಕ್ಕೆ ನಮ್ಮ ಕಡೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಾರೂ ಹುಡುಕುವುದೂ ಇಲ್ಲ.

ನನಗೂ ಅದು ಕಂಡದ್ದು ಬೆಕ್ಕಿನ ದೆಸೆಯಿಂದ. ಒಂದು ಬೆಳಿಗ್ಗೆ ನಮ್ಮ ಬೆಕ್ಕು ಕಪ್ಪಿಲಿಯೊಂದನ್ನು ಹಿತ್ತಿಲ ಕಲ್ಲಿನ ಮೇಲೆ ತಂದಿಟ್ಟು ಹೋಗಿತ್ತು. ಮುಟ್ಟದೆ, ಚಿಮಟದಲ್ಲಿ ಕಿವಿಯನ್ನು ಮೆಲ್ಲಗೆ ಮಗುಚಿ ಮಸೂರದಲ್ಲಿ ನೋಡಿದೆ. ಕಿವಿಯ ಒಳಗೋಡೆಗೆ ಕೇಸರಿಬಾತಿನ ರವೆ ಅಂಟಿದ ಹಾಗೆ ಕಿತ್ತಳೆ ಬಣ್ಣದ ಕಾಳುಗಳು, ಒತ್ತೊತ್ತಾಗಿ. ಒಂದೆರಡು ಕಾಳು ಸಡಿಲಿಸಿಕೊಂಡು ನಡೆಯತೊಡಗಿದವು. ಕಾಲು ಎಣಿಸಿದೆ. ಆರು.

ತೆಂಗಿನ ನುಸಿ ಪೀಡೆಯಿಂದ ನುಸಿ ಎಂಬ ಪದ ನಮಗೆಲ್ಲ ಗೊತ್ತು. ಇದೂ ನುಸಿಯ ಬಳಗವೇ. ಜೇಡ, ಚೇಳು, ಉಣುಗುಗಳ ವಂಶ, ಅಂದರೆ ಎಂಟು ಕಾಲಿರಬೇಕು. ಆದರೆ ನುಸಿಯ ಮರಿಗೆ ಆರೇ ಕಾಲು. ಬೆಳೆದ ಮೇಲೆ ಎಂಟಾಗುತ್ತದೆ. ನಾನು ಕಂಡದ್ದು ಮರಿಗಳನ್ನು.

ಹಸ್ತದ ಮಳೆ

ಹಸ್ತ ಹುಟ್ಟಿದ ಮೂರನೆಯ ದಿನ ಪಕ್ಕದ ತೋಟದ ಲೈನ್ ಮನೆಯ ಹುಡುಗಿಗೆ ಜ್ವರ ಎಂದರು. ಏಳು ವರ್ಷದವಳು. ಜ್ವರ ಎಂದರೆ ಮಳೆಗಾಲದ ಕೊನೆಯಲ್ಲಿ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹತ್ತಿರದ ದವಾಖಾನೆಯಲ್ಲಿ ಒಂದು ಸೂಜಿ, ಒಂದು ಸಿರಪ್ಪು. ಮೂರನೆಯ ದಿನಕ್ಕೂ ಬಿಡದಿದ್ದಾಗ ರಕ್ತ ನೋಡಿ ಟೈಫಾಯ್ಡ್ ಎಂದರು, ಮಾತ್ರೆ ಕೊಟ್ಟರು. ಐದನೆಯ ದಿನ ಮುಖ ಊದಿಕೊಂಡಿತು. ಆರನೆಯ ದಿನ ಪ್ಲೇಟ್‌ಲೆಟ್ ಇಳಿದಿದೆ, ಡೆಂಗಿ ಇರಬಹುದು ಎಂದರು. ಏಳನೆಯ ರಾತ್ರಿ ಹುಡುಗಿಗೆ ಉಸಿರು ಮೇಲೆ ಮೇಲೆ ಬರತೊಡಗಿತು. ತೋಟದ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿದರು. ನಾನೂ ಹಿಂದೆ ಕೂತಿದ್ದೆ. ಮಂಜಿನಲ್ಲಿ ಡ್ರೈವರ್‌ಗೆ ರಸ್ತೆಯ ಅಂಚು ಕಾಣದೆ, ಬೇರೊಬ್ಬ ಟಾರ್ಚು ಹಿಡಿದು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ.

ಕೆಳಗಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಅವರು ಮೊದಲು ಮಾಡಿದ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಫೈಲು ನೋಡಲಿಲ್ಲ. ಹುಡುಗಿಯ ಅಂಗಿ ಬಿಚ್ಚಿಸಿ, ದೀಪ ಹತ್ತಿರ ಎಳೆದುಕೊಂಡು, ಕೂದಲು ಸರಿಸಿ ಕಿವಿಯ ಹಿಂದೆ ನೋಡಿದರು. ಕುತ್ತಿಗೆ, ಸೊಂಟದ ಸುತ್ತ ಲಂಗದ ಲಾಡಿ ಕಟ್ಟುವ ಜಾಗ, ತೊಡೆಯ ಸಂದು. ಆಮೇಲೆ ಎಡಗೈ ಎತ್ತಿ ಕಂಕುಳ ನೋಡಿದರು. ನೋಡಿ ಅಲ್ಲೇ ನಿಂತರು.

ಕಡಲೆಬೇಳೆಯಷ್ಟಗಲ ಕಪ್ಪು ಹೆಕ್ಕಳೆ, ಸುತ್ತ ಕೆಂಪು ಉಂಗುರ. ಬೀಡಿಯ ತುದಿ ಒತ್ತಿ ಸುಟ್ಟ ಹಾಗೆ.

"ಇದು ಯಾವಾಗಿಂದ ಇದೆಯಮ್ಮ?"

"ಅದಾ? ಕಾಫಿ ರೆಕ್ಕೆ ಚುಚ್ಚಿರ್ಬೇಕು ಅಂದ್ಕಂಡಿದ್ದೆ ಡಾಕ್ಟ್ರೇ. ನೋವಿಲ್ಲ ಅಂತಿದ್ಲು, ಸುಮ್ನಾದೆ."

ನೋವಿಲ್ಲ ಎನ್ನುವುದೇ ಅದರ ಗುರುತು. ಕೆರೆಯುವುದಿಲ್ಲ, ಕೀವಾಗುವುದಿಲ್ಲ, ಮಗು ತೋರಿಸುವುದಿಲ್ಲ. ರಕ್ತದ ಪರೀಕ್ಷೆಗೆ ಕಳಿಸಿದರೂ ಡಾಕ್ಟರ್ ಅದರ ಫಲಿತಾಂಶಕ್ಕೆ ಕಾಯಲಿಲ್ಲ. ಆ ರಾತ್ರಿಯೇ ಔಷಧಿ ಶುರು ಮಾಡಿದರು. ಒಂದೂವರೆ ದಿನಕ್ಕೆ ಜ್ವರ ಇಳಿಯಿತು. ಮೂರನೆಯ ಬೆಳಿಗ್ಗೆ ಹುಡುಗಿ ಇಡ್ಲಿ ಕೇಳಿದಳು.

ಸ್ಕ್ರಬ್ ಟೈಫಸ್ ಎಂದು ಬರೆದುಕೊಟ್ಟರು. ವಾಪಸ್ ಬರುವಾಗ ತಾಯಿ ಆ ಚೀಟಿಯನ್ನು ನನಗೆ ತೋರಿಸಿ, "ಟೈಫಾಯ್ಡೇ ಅಲ್ವಾ ಮೇಷ್ಟ್ರೇ, ಅವ್ರೂ ಅದನ್ನೇ ಬರ್ದಿದ್ದಾರೆ?" ಎಂದಳು. ಅವಳ ತಪ್ಪಲ್ಲ. ಎರಡು ಹೆಸರೂ ಹುಟ್ಟಿದ್ದು ಒಂದೇ ಗ್ರೀಕ್ ಪದದಿಂದ. ಅದರ ಅರ್ಥ ಹೊಗೆ, ಮಬ್ಬು. ಜ್ವರದ ಮಂಪರಿಗೆ ಇಟ್ಟ ಹೆಸರು. ಟೈಫಾಯ್ಡ್ ನೀರು, ಅನ್ನದಿಂದ ಬರುವುದು. ಇದು ಪೊದೆಯ ಅಂಚಿನಿಂದ ಬರುವುದು. ಇಲಿಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಬೇರೆ, ಅದು ಇಲಿಯ ಮೂತ್ರ ಬೆರೆತ ನೀರಿನದು. ಮಂಗನ ಕಾಯಿಲೆ ಬೇರೆ; ಅದು ವೈರಸ್, ಒಯ್ಯುವುದು ಉಣುಗು. ಇಷ್ಟೆಲ್ಲ ಜ್ವರಗಳು ಒಂದೇ ಗುಡ್ಡದಲ್ಲಿ ಒಂದರ ಹೆಸರು ಹೇಳಿಕೊಂಡು ಇನ್ನೊಂದು ತಿರುಗುತ್ತವೆ.

ಚಿತ್ತೆಯ ಬಿಸಿಲು

ಹುಡುಗಿ ಚೇತರಿಸಿಕೊಂಡ ಮೇಲೆ ಅವಳದೇ ಹಳೆಯ ಸ್ಲೇಟನ್ನು ಕೇಳಿ ತಂದೆ. ಈ ಮರಿನುಸಿಗಳನ್ನು ಹುಡುಕುವವರು ನೆಲದ ಮೇಲೆ ಒಂದು ಕಪ್ಪು ಹಲಗೆ ಇಟ್ಟು ಕಾಯುತ್ತಾರೆ. ಎತ್ತರದ ಅಂಚಿಗೆ ಹತ್ತಿ ಕೂರುವುದು ಮರಿಗಳ ಸ್ವಭಾವ, ಕಪ್ಪಿನ ಮೇಲೆ ಅವು ಎದ್ದು ಕಾಣುತ್ತವೆ. ಅದಕ್ಕೆ ಸ್ಲೇಟಿಗಿಂತ ಒಳ್ಳೆಯ ಸಾಮಾನು ಯಾವುದು?

ಪ್ಯಾಂಟನ್ನು ಕಾಲ್ಚೀಲದೊಳಗೆ ತುರುಕಿ, ಗಮ್‌ಬೂಟ್ ಹಾಕಿ, ಕೈಕಾಲಿಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿಕೊಂಡು ಐದು ಜಾಗ ಆರಿಸಿದೆ. ಒಂದು, ಹಾಲುವಾಣದ ನೆರಳಿನಲ್ಲಿ ಕಳೆ ಹೊಡೆದ ಕಾಫಿ ಪಟ್ಟೆಯ ನಡು. ಎರಡು, ಕಾಲುದಾರಿಯ ಬದಿಯ ಹುಲ್ಲು. ಮೂರು, ಹಾಳು ಗದ್ದೆಯ ಬದು. ನಾಲ್ಕು, ಹಳ್ಳದ ದಡ. ಐದು, ಲೈನ್ ಮನೆಗಳ ಹಿಂದೆ ಸೌದೆ ರಾಶಿಗೂ ಲಂಟಾನ ಪೊದೆಗೂ ನಡುವಿನ ಜಾಗ. ಆ ಪೊದೆಯ ಮೇಲೆ ಬಟ್ಟೆ ಒಣಗಿಹಾಕಿತ್ತು: ಒಂದು ಸೀರೆ, ಮಕ್ಕಳ ಚಡ್ಡಿಗಳು, ಒಂದು ನೀಲಿ ಸಮವಸ್ತ್ರ.

ಕಳೆ ಹೊಡೆದ ಕಾಫಿಯ ಕೆಳಗೆ ಸ್ಲೇಟು ಬರಿದಾಗಿತ್ತು. ಕಾಲುದಾರಿಯಲ್ಲಿ ಇರುವೆ ಬಂದವು. ಹಳ್ಳದ ದಡದಲ್ಲಿ ಒಂದು ಇಂಬಳ ಹಸಿವಿನಿಂದ ಸ್ಲೇಟಿನ ಉದ್ದಗಲ ಅಳೆದು ಹೋಯಿತು. ಗದ್ದೆಯ ಬದುವಿನಲ್ಲಿ ಇಪ್ಪತ್ತು ನಿಮಿಷ ಕೂತ ಮೇಲೆ ಚೌಕಟ್ಟಿನ ಹತ್ತಿರ ಎರಡು ಚುಕ್ಕಿ ಅಲುಗಿದ ಹಾಗಾಯಿತು. ಸೌದೆ ರಾಶಿಯ ಪಕ್ಕ ಐದೇ ನಿಮಿಷ. ಚುಕ್ಕಿಗಳು ಒಂದರ ಹಿಂದೆ ಒಂದು ಹತ್ತಿ ಬಂದು, ಮರದ ಚೌಕಟ್ಟಿನ ಮೂಲೆಯಲ್ಲಿ ಗುಂಪುಗೂಡಿ ಕೂತವು. ಮುಖ ಪಕ್ಕಕ್ಕೆ ತಿರುಗಿಸಿ ನೋಡುತ್ತಿದ್ದವನು ಒಮ್ಮೆ ಸ್ಲೇಟಿನತ್ತ ಉಸಿರು ಬಿಟ್ಟೆ. ಗುಂಪೆಲ್ಲ ಒಟ್ಟಿಗೆ ಚುರುಕಾಯಿತು. ಉಸಿರಿನ ಇಂಗಾಲದ ಡೈಆಕ್ಸೈಡ್ ಅವಕ್ಕೆ ಊಟದ ಗಂಟೆ.

ಅಲ್ಲಿಂದ ಹತ್ತು ಹೆಜ್ಜೆ ಆಚೆ, ಅದೇ ಮಣ್ಣು, ಅದೇ ಬಿಸಿಲು, ಸ್ಲೇಟು ಇಟ್ಟೆ. ಒಂದೂ ಇಲ್ಲ. ಮಾರನೆಯ ದಿನ ಮತ್ತೆ ಇಟ್ಟೆ. ಇಲ್ಲ. ಈ ನುಸಿಗಳನ್ನು ಬಲ್ಲವರು ಇದನ್ನು ನುಸಿ ದ್ವೀಪ ಎನ್ನುತ್ತಾರೆ. ಇಡೀ ಗುಡ್ಡವೇ ರೋಗದ್ದಲ್ಲ. ಗುಡ್ಡದೊಳಗೆ ಅಲ್ಲೊಂದು ಇಲ್ಲೊಂದು ಚಾಪೆಯಗಲದ ತೇಪೆಗಳಿರುತ್ತವೆ: ತೇವ ಬೇಕು, ನೆರಳು ಬೇಕು, ಇಲಿ ಓಡಾಡುವ ದಾರಿ ಬೇಕು.

ಸ್ಲೇಟಿನ ಮೇಲೆ ಬಂದವು ಯಾವ ಜಾತಿ ಎಂಬುದನ್ನು ನನ್ನ ಮಸೂರ ಹೇಳದು. ಬೆನ್ನಿನ ಮೇಲಿನ ಪುಟ್ಟ ಗುರಾಣಿಯ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಎಲ್ಲ ಜಾತಿಯೂ ಜ್ವರ ತರುವುದಿಲ್ಲ. ನಮ್ಮ ದೇಶದಲ್ಲಿ ಈ ಜ್ವರವನ್ನು ಹೊರುವುದರಲ್ಲಿ ಮುಖ್ಯವಾದದ್ದು ಲೆಪ್ಟೊಟ್ರೊಂಬಿಡಿಯಂ ಡೆಲಿಯೆನ್ಸೆ. ಆ ಜಾತಿಯಲ್ಲೂ ರೋಗಾಣು ಇಟ್ಟುಕೊಂಡವು ಕೆಲವೇ ಕೆಲವು.

ಅವುಗಳ ಬದುಕನ್ನು ಓದಿದಷ್ಟೂ ನನಗೆ ಬೆರಗು. ಬೆಳೆದ ನುಸಿ ನಮ್ಮ ಗೊಡವೆಗೆ ಬರುವುದೇ ಇಲ್ಲ. ಮಣ್ಣಿನೊಳಗೆ ಕೀಟಗಳ ಮೊಟ್ಟೆ, ಸಣ್ಣ ಸಂಧಿಪದಿಗಳನ್ನು ತಿಂದುಕೊಂಡು ತನ್ನ ಪಾಡಿಗಿರುತ್ತದೆ. ಮಳೆ ಬಿದ್ದಾಗ ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಿಡಿದಿಡುವ ಕೆಂಪು ಮಖಮಲ್ಲಿನ ಹುಳವಿದೆಯಲ್ಲ, ಅದು ಇದರ ದೊಡ್ಡಪ್ಪನ ಮನೆಯದು. ಗಂಡಿಗೂ ಹೆಣ್ಣಿಗೂ ಭೇಟಿ ಕೂಡ ಬೇಕಿಲ್ಲ. ಗಂಡು ಮಣ್ಣಿನ ಮೇಲೆ ಸಣ್ಣ ಕಡ್ಡಿಯಂಥ ದಂಟು ನೆಟ್ಟು ಅದರ ತುದಿಯಲ್ಲಿ ವೀರ್ಯದ ಹನಿ ಇಟ್ಟು ಹೋಗುತ್ತದೆ, ಹೆಣ್ಣು ಬಂದು ಎತ್ತಿಕೊಳ್ಳುತ್ತದೆ. ಮರಿ ಮಾತ್ರ, ಬದುಕಿನಲ್ಲಿ ಒಂದೇ ಒಂದು ಸಲ, ಬಿಸಿರಕ್ತದ ಪ್ರಾಣಿಯ ಚರ್ಮದ ಮೇಲೆ ಕೂತು ಉಣ್ಣಬೇಕು. ಇಲಿ, ಮೂಗಿಲಿ, ಹೆಗ್ಗಣ, ನೆಲದಲ್ಲಿ ಮೇಯುವ ಹಕ್ಕಿ, ಏನಾದರೂ ಸರಿ. ನಾವು ಅದರ ಪಟ್ಟಿಯಲ್ಲೇ ಇಲ್ಲ. ಇಲಿಗೆಂದು ಕಾದು ಕೂತ ಎಲೆಯ ತುದಿಗೆ ಮಗುವಿನ ಲಂಗ ಸವರಿತು, ಅಷ್ಟೇ.

ರಕ್ತ ಕುಡಿಯುತ್ತದೆ ಎಂದು ನಾನು ತಿಳಿದಿದ್ದೆ. ಅದೂ ಅಲ್ಲ. ಚರ್ಮಕ್ಕೆ ಜೊಲ್ಲು ಸುರಿಸಿ, ಅಲ್ಲಿನ ಜೀವಕೋಶಗಳನ್ನೇ ಕರಗಿಸಿ, ಆ ಜೊಲ್ಲು ಗಟ್ಟಿಯಾಗಿ ಆದ ಹುಲ್ಲುಕಡ್ಡಿಯಂಥ ಕೊಳವೆಯಿಂದ ಗಂಜಿ ಹೀರಿದ ಹಾಗೆ ಹೀರುತ್ತದೆ. ಎರಡರಿಂದ ನಾಲ್ಕು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಕೂತು ಉಂಡು, ತುಂಬಿ, ಮಣ್ಣಿಗೆ ಉದುರುತ್ತದೆ. ಮೈಯುದ್ದ ಮಿಲಿಮೀಟರಿನ ಐದನೇ ಒಂದು ಭಾಗ. ಬಿಗಿಯಾದ, ಬೆಚ್ಚಗಿನ, ಮಡಿಕೆಯ ಜಾಗಗಳೇ ಅದಕ್ಕಿಷ್ಟ: ಕಂಕುಳು, ತೊಡೆಸಂದು, ಲಾಡಿಯ ಗುರುತು, ಕಿವಿಯ ಹಿಂಬದಿ. ಬೆವರಿನ ಮಡಿಕೆಯಲ್ಲಿ ಹೆಕ್ಕಳೆ ಕಟ್ಟದೆ ಬರೀ ಬಿಳಿಚಿದ ಹುಣ್ಣಾಗಿಯೂ ಇರಬಹುದು. ಎಲ್ಲ ಮಕ್ಕಳಲ್ಲಿ ಗುರುತು ಸಿಗುವುದೂ ಇಲ್ಲ. ಕಚ್ಚಿದ ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ. ಅಷ್ಟರಲ್ಲಿ ಕಚ್ಚಿದ್ದು ಮಣ್ಣಿನೊಳಗೆ ಎಂಟು ಕಾಲು ಮೂಡಿಸಿಕೊಳ್ಳುತ್ತಿರುತ್ತದೆ.

ಇನ್ನೊಂದು ವಿಚಿತ್ರ. ಒಂದೇ ಊಟ ಉಣ್ಣುವ ಜೀವಿ ರೋಗವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದು ಹೇಗೆ? ಸೊಳ್ಳೆ ಇವರನ್ನು ಕಚ್ಚಿ ಅವರನ್ನು ಕಚ್ಚುತ್ತದೆ. ಇದಕ್ಕೆ ಆ ಅವಕಾಶವಿಲ್ಲ. ಉತ್ತರ ಮೊಟ್ಟೆಯಲ್ಲಿದೆ. ತಾಯಿನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ರೋಗಾಣು ಆಸ್ತಿಯ ಹಾಗೆ ಇಳಿದು ಬರುತ್ತದೆ. ಕೆಲವು ಜಾತಿಗಳಲ್ಲಿ ರೋಗಾಣು ಹೊತ್ತ ವಂಶದಲ್ಲಿ ಬರೀ ಹೆಣ್ಣೇ ಹುಟ್ಟುವುದನ್ನೂ ಕಂಡಿದ್ದಾರೆ. ಹಾಗಾಗಿ ಇಲಿ ಇಲ್ಲಿ ರೋಗದ ಕಣಜವಲ್ಲ, ನುಸಿಯ ಅನ್ನದ ತಟ್ಟೆ. ಇಲಿಗೆ ವಿಷ ಇಟ್ಟರೆ ತಟ್ಟೆ ಹೋಗುತ್ತದೆ, ಹಸಿದ ಮರಿಗಳು ಉಳಿಯುತ್ತವೆ. ಇಲಿ ಓಡಿಸುವುದಾದರೆ ಮೊದಲು ಅದರ ಅಡಗುದಾಣ ತೆಗೆಯಬೇಕು: ಪೊದೆ, ಸೌದೆ, ಕಸ.

ಸ್ವಾತಿ

ಸ್ವಾತಿಯಲ್ಲಿ ಒಂದು ವಾರ ಮೋಡ ಕವಿದು ಹೊರಗೆ ಹೋಗಲಾಗದೆ ಓದುತ್ತ ಕೂತೆ.

ಹೊಸ ರೋಗವೇನಲ್ಲ ಇದು. ಚೀನಾದ ಗೆ ಹಾಂಗ್ ಎಂಬ ವೈದ್ಯ ನಾಲ್ಕನೆಯ ಶತಮಾನದಲ್ಲೇ ಮರಳಿನ ನುಸಿಯ ಜ್ವರವನ್ನು ಬರೆದಿದ್ದ. ಜಪಾನಿನಲ್ಲಿ 1810ರಲ್ಲಿ ಹಕುಜು ಹಾಶಿಮೊಟೊ ವರ್ಣಿಸಿದ. ಅಲ್ಲಿ ನೀಗಾಟ, ಅಕಿಟ, ಯಮಗಾಟ ಪ್ರಾಂತ್ಯಗಳ ಹೊಳೆದಂಡೆಯ ರೈತರು ಪ್ರವಾಹ ಇಳಿದ ಮೇಲೆ ದಡಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬರುತ್ತಿದ್ದರು. ನುಸಿಗೊಂದು ಗುಡಿ ಕಟ್ಟಿ ಕೈಮುಗಿದರು. ನಮ್ಮ ಕಡೆ ಮಾರಿಗೆ, ಚೌಡಿಗೆ ಮಾಡುವ ಹಾಗೆಯೇ. ಅವರದೇ ಮಾತಿನಲ್ಲಿ ರೋಗಾಣುವಿನ ಹೆಸರು ಇಂದಿಗೂ ಉಳಿದಿದೆ: ಓರಿಯೆಂಶಿಯಾ ತ್ಸುತ್ಸುಗಾಮುಶಿ. ತ್ಸುತ್ಸುಗಾ ಎಂದರೆ ಕೇಡು, ಮುಶಿ ಎಂದರೆ ಹುಳ. 1995ರವರೆಗೆ ಅದನ್ನು ರಿಕೆಟ್ಸಿಯಾ ಕುಲದಲ್ಲೇ ಇಟ್ಟಿದ್ದರು, ಆಮೇಲೆ ಬೇರೆ ಮನೆ ಹಾಕಿಕೊಟ್ಟರು.

ಅದರ ತಳಿಗಳಿಗೆ ಗಿಲಿಯಮ್, ಕಾರ್ಪ್, ಕಾಟೊ ಎಂಬ ಹೆಸರುಗಳಿವೆ. ವಿಜ್ಞಾನಿಗಳ ಹೆಸರಿರಬೇಕು ಎಂದುಕೊಂಡೆ. ಅಲ್ಲ, ರೋಗಿಗಳವು. ಗಿಲಿಯಮ್ ಅಸ್ಸಾಂ–ಬರ್ಮಾ ಗಡಿಯಲ್ಲಿ, ಕಾರ್ಪ್ ನ್ಯೂಗಿನಿಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜ್ವರ ಬಿದ್ದವರು. ಆ ಕಾಡುಗಳಲ್ಲಿ ಗುಂಡಿಗೆ ಹೆದರದ ಸಿಪಾಯಿಗಳು ಪೊದೆಗೆ ಹೆದರಿದರು. ಬಟ್ಟೆಗೆ ನುಸಿ ಕೊಲ್ಲುವ ಎಣ್ಣೆ ಸವರಿಕೊಂಡು ನಡೆದರು. ಮದ್ದು ಸಿಕ್ಕಿದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ ಕೌಲಾಲಂಪುರದಲ್ಲಿ: ಕ್ಲೋರಾಂಫೆನಿಕಾಲ್.

ಅಲ್ಲಿಂದ ಮುಂದಿನ ಕತೆಯೇ ಈ ಜ್ವರ ಮರಳಿ ಬಂದದ್ದಕ್ಕೆ ಒಂದು ಕಾರಣ. ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್‌ಗಳನ್ನು ಡಾಕ್ಟರುಗಳು ಯಾವ ಜ್ವರಕ್ಕೂ ಬರೆಯುತ್ತಿದ್ದ ಕಾಲದಲ್ಲಿ ಸ್ಕ್ರಬ್ ಟೈಫಸ್ ಹೆಸರು ಹೇಳಿಸಿಕೊಳ್ಳದೆಯೇ ವಾಸಿಯಾಗಿ ಹೋಗುತ್ತಿತ್ತು. ಆಮೇಲೆ ಆ ಮಾತ್ರೆಗಳು ಹಿಂದೆ ಸರಿದು ಪೆನಿಸಿಲಿನ್ ಬಳಗದವು, ಸೆಫಲೊಸ್ಪೊರಿನ್‌ಗಳು ಬಂದವು. ಅವು ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಮದ್ದುಗಳು. ಈ ರೋಗಾಣುವಿಗೆ ಒಡೆಯುವಂಥ ಗೋಡೆ ಹೆಸರಿಗಷ್ಟೇ. ಸಾಲದ್ದಕ್ಕೆ ಅದು ನಮ್ಮ ಜೀವಕೋಶಗಳ ಒಳಗೆ ಹೊಕ್ಕು ಕೂತಿರುತ್ತದೆ. ಲೈನ್ ಮನೆಯ ಹುಡುಗಿಗೆ ಮೊದಲು ಕೊಟ್ಟ ದುಬಾರಿ ಮಾತ್ರೆ ಬಾಗಿಲಿಲ್ಲದ ಮನೆಯ ಬಾಗಿಲು ತಟ್ಟಿದ ಹಾಗಿತ್ತು.

ಹೀಗೆ ಮರೆತಿದ್ದ ಜ್ವರ ಈ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಭಾರತದಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಚಳಿಗಾಲದ ತಿಂಗಳುಗಳಲ್ಲಿ ಒಟ್ಟೊಟ್ಟಿಗೆ ಬರುವ ಈ ಜ್ವರಗಳನ್ನು ವೆಲ್ಲೂರಿನ ವೈದ್ಯರು 2003ರಲ್ಲಿ ವರದಿ ಮಾಡಿದರು. ಕರಾವಳಿ, ಮಲೆನಾಡಿನ ರೋಗಿಗಳು ಹೋಗಿ ಸೇರುವ ಮಣಿಪಾಲದಿಂದಲೂ ಈ ಬಗ್ಗೆ ಬರಹಗಳು ಬಂದಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಜ್ವರ ಬಿಡದ ಮಕ್ಕಳ ರಕ್ತದಲ್ಲಿ ಸ್ಕ್ರಬ್ ಟೈಫಸ್‌ನ ಜೊತೆಗೆ, ಉಣುಗು ಹರಡುವ ಅದರ ದಾಯಾದಿ ಜ್ವರದ ಗುರುತನ್ನೂ ಕಂಡು 2016ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ದೊಡ್ಡ ಪಾಠ ಗೋರಖಪುರದ್ದು. ಅಲ್ಲಿ ಪ್ರತಿವರ್ಷ ಮಳೆಗಾಲದಲ್ಲಿ ಮಕ್ಕಳು ಮಿದುಳು ಜ್ವರದಿಂದ ಸಾಯುತ್ತಿದ್ದರು. ಎಲ್ಲರ ಕಣ್ಣು ಸೊಳ್ಳೆಯ ಮೇಲೆ, ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನ ಮೇಲೆ. 2015ರ ಸುಮಾರಿಗೆ ಪರೀಕ್ಷಿಸಿ ನೋಡಿದರೆ, ಆ ಮಕ್ಕಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸ್ಕ್ರಬ್ ಟೈಫಸ್‌ನ ಗುರುತಿತ್ತು. ವೈರಸ್ಸಿಗೆ ಮದ್ದಿರಲಿಲ್ಲ. ಇದಕ್ಕೆ ಅಗ್ಗದ ಮಾತ್ರೆ ಇತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ ಹೇಳುವುದೂ ಆ ರಾತ್ರಿಯ ಡಾಕ್ಟರ್ ಮಾಡಿದ್ದನ್ನೇ: ಅನುಮಾನ ಬಂದರೆ ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಶುರು ಮಾಡಿ. ಮಕ್ಕಳ ಹಲ್ಲು ಕಪ್ಪಾಗುತ್ತದೆ ಎಂದು ಡಾಕ್ಸಿಸೈಕ್ಲಿನ್‌ಗೆ ಹೆದರುತ್ತಿದ್ದ ಕಾಲವೂ ಹೋಗಿದೆ. ಕೆಲವೇ ದಿನದ ಮದ್ದಿನಿಂದ ಹಾಗಾಗುವುದಿಲ್ಲ ಎಂದು ಈಗ ಗೊತ್ತು. ಮದ್ದು ಕೊಡದೆ ಬಿಟ್ಟರೆ ನೂರರಲ್ಲಿ ಸುಮಾರು ಆರು ಜನ ಸಾಯುತ್ತಾರೆಂದು ಹಳೆಯ ದಾಖಲೆಗಳ ಲೆಕ್ಕ. ಶ್ವಾಸಕೋಶಕ್ಕೆ, ಮಿದುಳಿಗೆ ಇಳಿದ ಮೇಲೆ ಆ ಲೆಕ್ಕ ಇನ್ನೂ ಕೆಟ್ಟದು. ಲಸಿಕೆ ಇನ್ನೂ ಇಲ್ಲ. ತಳಿಗಳು ಹಲವು, ಒಮ್ಮೆ ಬಂದವರಿಗೆ ಮತ್ತೊಮ್ಮೆ ಬರಲು ಅಡ್ಡಿಯಿಲ್ಲ.

ಮದ್ದಿನ ಕತೆ ಒಂದಾದರೆ ನೆಲದ ಕತೆ ಇನ್ನೊಂದು. ದಟ್ಟ ಕಾಡಿನಲ್ಲಿ ಈ ನುಸಿಗೆ ಅಂಥ ಸುಖವಿಲ್ಲ, ಉತ್ತ ಗದ್ದೆಯಲ್ಲೂ ಇಲ್ಲ. ಕಡಿದು ಬಿಟ್ಟ ಕಾಡು, ಉತ್ತು ಬಿಟ್ಟ ಗದ್ದೆ, ಅದರ ಮನೆ. ಪೊದೆಗೆ ಇಂಗ್ಲಿಷಿನಲ್ಲಿ ಸ್ಕ್ರಬ್ ಎನ್ನುತ್ತಾರೆ. ಜ್ವರದ ಹೆಸರಿನಲ್ಲೇ ಅದರ ಊರಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಜಾರಿ ಮಲೆಮನೆ, ಮಧುಗುಂಡಿಗಳಲ್ಲಿ ಮನೆ, ತೋಟ, ಗದ್ದೆ ಕೊಚ್ಚಿಹೋದವು. ಅಂಥ ಬೆತ್ತಲೆ ಮಣ್ಣಿನ ಮೇಲೆ ಮೊದಲು ಹುಟ್ಟುವುದು ಹಲಸಿನ ಗಿಡವಲ್ಲ, ಕಳೆಯ ಪೊದೆ.

ಕುಯ್ಲು

ಡಿಸೆಂಬರ್. ಅರೇಬಿಕಾ ಹಣ್ಣಾಗಿದೆ. ಕೆಲಸಕ್ಕೆ ಈಗ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದಲೂ ಜನ ಬರುತ್ತಾರೆ. ಕುಯ್ಲಿನ ಪಟ್ಟೆಗೆ ಹೋಗುವಾಗ ಸಣ್ಣ ಮಕ್ಕಳನ್ನು ಮನೆಯಲ್ಲಿ ಬಿಡಲು ಯಾರಿದ್ದಾರೆ? ಗಿಡದ ಬುಡದಲ್ಲಿ ಗೋಣಿಚೀಲ ಹಾಸಿ ಮಲಗಿಸುತ್ತಾರೆ. ಸ್ವಲ್ಪ ದೊಡ್ಡವು ಉದುರು ಹಣ್ಣು ಆರಿಸುತ್ತ ನೆಲದಲ್ಲೇ ಕೂತಿರುತ್ತವೆ. ದೊಡ್ಡವರು ನಿಂತು ಕುಯ್ಯುತ್ತಾರೆ, ಮಕ್ಕಳು ಕೂತು ಆಡುತ್ತಾರೆ. ನುಸಿಗೂ ಮಗುವಿಗೂ ನಡುವೆ ಇರುವ ಅಂತರ ಇಷ್ಟೇ, ಒಂದು ಮೊಳ. ಬಯಲಿಗೆ ಹೋಗುವುದೂ ಅದೇ ಪೊದೆಯ ಮರೆಗೆ.

ಒಂದು ಮಧ್ಯಾಹ್ನ ನಾನು ಸ್ಲೇಟು ಇಟ್ಟುಕೊಂಡು ಕೂತಿದ್ದಾಗ ಹುಡುಗಿಯ ತಾಯಿ ಹಣ್ಣಿನ ಚೀಲ ತೂಕಕ್ಕೆ ಹೊತ್ತು ಬಂದವಳು ನಿಂತಳು.

"ಇನ್ನೂ ಹುಡುಕ್ತಾನೇ ಇದೀರಾ ಮೇಷ್ಟ್ರೇ?"

"ಬಾ ಇಲ್ಲಿ, ನೋಡು."

ಮಸೂರ ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಇಷ್ಟಾ? ಇಷ್ಟಕ್ಕಾ ನಾವು ಘಾಟಿ ಇಳ್ದಿದ್ದು?"

ಅವಳ ದನಿಯಲ್ಲಿ ಹೆದರಿಕೆಗಿಂತ ಅವಮಾನ ಹೆಚ್ಚಿತ್ತು. ಆನೆ, ಕಾಟಿ, ಸಿಡಿಲು, ಮಳೆ ಎಲ್ಲವನ್ನೂ ಎದುರಿಸಿದವರಿಗೆ ರವೆಕಾಳಿಗೆ ಸೋತದ್ದು ಒಪ್ಪಿಕೊಳ್ಳಲು ಕಷ್ಟ.

ಆಗ ನನಗೆ ನೆನಪಾದದ್ದು ನಮ್ಮಜ್ಜಿ. ಮಲೆನಾಡಿನ ಬಚ್ಚಲಲ್ಲಿ ಹಂಡೆ ಒಲೆ ಆರುವುದಿಲ್ಲ. ಸಂಜೆ ತೋಟದಿಂದ ಬಂದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ, ಬುಡ್ಡಿದೀಪ ಹಿಡಿದು ಕಿವಿ, ಕಂಕುಳು, ತೊಡೆಸಂದು ತಿರುಗಿಸಿ ನೋಡಿ ಉಣುಗು ಆರಿಸಿ, ಸುಡುವ ನೀರು ಹೊಯ್ದು ಸೀಗೆಪುಡಿ ಹಾಕಿ ಚರ್ಮ ಕೆಂಪಾಗುವ ಹಾಗೆ ಉಜ್ಜುತ್ತಿದ್ದಳು. ನಾವು ಅಳುತ್ತಿದ್ದೆವು. ಮರಿನುಸಿ ಕಚ್ಚಲು ಕೂತು ಭದ್ರವಾಗುವ ಮೊದಲೇ ಉಜ್ಜಿ ತೊಳೆದರೆ ಹೋಗುತ್ತದೆ ಎಂದು ಇವತ್ತಿನ ಆರೋಗ್ಯದ ಕೈಪಿಡಿಗಳು ಬರೆಯುತ್ತವೆ. ಅಜ್ಜಿ ಹುಡುಕುತ್ತಿದ್ದುದು ಉಣುಗನ್ನು. ಕೈ ಓಡಾಡುತ್ತಿದ್ದುದು ಮಾತ್ರ ಆ ಡಾಕ್ಟರ್ ದೀಪದಲ್ಲಿ ನೋಡಿದ ಜಾಗಗಳ ಮೇಲೆಯೇ.

ಅದನ್ನೇ ಹೇಳಿದೆ. ಸಂಜೆ ಬಿಸಿನೀರು ಸ್ನಾನ, ತೋಟದ ಬಟ್ಟೆ ಬೇರೆ ತೊಳೆಯುವುದು, ಪೊದೆಯ ಮೇಲೆ ಬಟ್ಟೆ ಹಾಕದಿರುವುದು, ಸೌದೆ ಒಳಗೆ ತುಂಬದಿರುವುದು, ಗೋಣಿಯ ಬದಲು ಮಗುವನ್ನು ಸೀರೆ ಜೋಲಿಯಲ್ಲಿ ಕಟ್ಟುವುದು. ಐದು ದಿನ ದಾಟಿದ ಜ್ವರಕ್ಕೆ ಡಾಕ್ಟರ ಹತ್ತಿರ ಹೋದಾಗ, ಮಗು ಪೊದೆಯ ಹತ್ತಿರ ಆಡುತ್ತದೆ ಎಂದು ಬಾಯಿಬಿಟ್ಟು ಹೇಳುವುದು, ಮೈಮೇಲೆ ಕಲೆ ಕಂಡಿದ್ದರೆ ತೋರಿಸುವುದು.

ಅವಳು ತಲೆಯಾಡಿಸಿದಳು. ತೋಟದ ರೈಟರ್ ಕೂಗಿದ. 'ಬಂದೆ' ಎಂದು ಚೀಲ ಎತ್ತಿಕೊಂಡಳು.

ಹೂಮಳೆ

ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾಯಿತು. ನೆಲ ಒಣಗಿದೆ. ಐದೂ ಜಾಗಗಳಲ್ಲಿ ಸ್ಲೇಟು ಇಟ್ಟೆ. ಸೌದೆ ರಾಶಿಯ ಪಕ್ಕ ಕೂಡ ಒಂದೂ ಬರಲಿಲ್ಲ. ಮರಿಗಳಿಲ್ಲ ಎಂದರೆ ನುಸಿ ಇಲ್ಲವೆಂದಲ್ಲ. ದೊಡ್ಡವು ಮಣ್ಣಿನೊಳಗೆ ತಮ್ಮ ಕೆಲಸದಲ್ಲಿವೆ. ನೋಟುಪುಸ್ತಕದಲ್ಲಿ ಸೊನ್ನೆ ಬರೆದೆ. ಸ್ಲೇಟು ಹುಡುಗಿಗೆ ವಾಪಸು ಕೊಟ್ಟೆ. ಅವಳಿಗೆ ಈಗ ಅದು ಬೇಡ, ಶಾಲೆಯಲ್ಲಿ ನೋಟುಪುಸ್ತಕ ಬಂದಿದೆ. ನೀವೇ ಇಟ್ಕಳಿ ಎಂದಳು.

ಮತ್ತೆ ಹಸ್ತ

ವರ್ಷ ತಿರುಗಿತು. ಹಸ್ತದ ಮಳೆ ಎರಡು ದಿನ ಬಿಡುವು ಕೊಟ್ಟಾಗ ಲೈನ್ ಮನೆಗಳ ಹಿಂದೆ ಹೋದೆ. ಸೌದೆಯನ್ನು ಕಲ್ಲಿನ ಮೇಲೆ ಎತ್ತರಿಸಿ ಪೇರಿಸಿದ್ದಾರೆ. ಹಿತ್ತಿಲಿನ ಲಂಟಾನವನ್ನು ಬುಡಕ್ಕೆ ಕಡಿದಿದ್ದಾರೆ. ಎರಡು ಸಿಲ್ವರ್ ಓಕ್ ಮರಗಳ ನಡುವೆ ನೈಲಾನ್ ಹಗ್ಗ ಕಟ್ಟಿ, ಅದರ ಮೇಲೆ ಸೀರೆ, ಚಡ್ಡಿ, ನೀಲಿ ಸಮವಸ್ತ್ರ. ಸ್ಲೇಟು ಇಟ್ಟು ಅರ್ಧ ಗಂಟೆ ಕೂತೆ. ಒಂದು ಗೊದ್ದ ಬಂದು ಹೋಯಿತು.

ಎದ್ದು, ಹಳೆಯ ಅಭ್ಯಾಸದಂತೆ, ಕೆಳಗಿನ ಗದ್ದೆಯ ಕಡೆಗೆ ಹತ್ತು ಹೆಜ್ಜೆ ನಡೆದು ಅಲ್ಲಿನ ಪೊದೆಯ ಬುಡದಲ್ಲಿ ಸ್ಲೇಟು ಇಟ್ಟೆ. ಹೋದ ವರ್ಷ ಇಲ್ಲಿ ಒಂದೂ ಇರಲಿಲ್ಲ. ಕೆಂಬೂತ ಒಳಗಿನಿಂದ ಗೂಪ್ ಗೂಪ್ ಎಂದಿತು. ಆರನೆಯ ನಿಮಿಷಕ್ಕೆ ಚೌಕಟ್ಟಿನ ಮೂಲೆಯಲ್ಲಿ ಕಿತ್ತಳೆ ಚುಕ್ಕಿಯೊಂದು ಮೇಲೆ ಬಂತು. ಅದರ ಹಿಂದೆ ಇನ್ನೊಂದು.

ಜಾಗ, ಹೊತ್ತು, ಮಳೆಯ ಹೆಸರು ಬರೆದುಕೊಂಡೆ. ಮೇಲೆ ಲೈನ್ ಮನೆಯ ಬಚ್ಚಲಲ್ಲಿ ಹೊಗೆ ಎದ್ದಿತ್ತು. ಯಾರದೋ ಮಗು ಬಿಸಿನೀರಿಗೆ ಅಳುತ್ತಿತ್ತು.